ನನ್ನ ಐಡಿಯಲ್ಲಿ ಬೀಗ ಬಿದ್ದ ಮೇಲ್‌ಗಳು

ಮುಂಬಯಿಯ ವಿಕ್ರೋಳಿಯ ಆ ಆಫೀಸಿನ ಕಾನೂನು ವಿಭಾಗದವರು ಬಾಯಿಮಾತನ್ನು ನಂಬುವ ಪೈಕಿ ಅಲ್ಲ. ಸಪ್ಲೈಯರ್ ಫೋನಿನಲ್ಲಿ ಏನೇ ಒಪ್ಪಿಕೊಳ್ಳಲಿ, ‘ಅದನ್ನೇ ಒಂದು ಮೇಲ್ ಹಾಕಿ’ ಎನ್ನುತ್ತಿದ್ದರು. ಮೇಲ್ ಬಂದ ಕೂಡಲೇ ಅದನ್ನು ಔಟ್‌ಲುಕ್‌ನಿಂದ ಮೌಸಿನಲ್ಲಿ ಎಳೆದು ಶೇರ್ಡ್ ಡ್ರೈವಿನ ಫೋಲ್ಡರಿಗೆ ಬಿಡುವುದು ಅಲ್ಲಿಯ ಹಳೆಯ ರೂಢಿ. ಹಾಗೆ ಎಳೆದು ಬಿಟ್ಟರೆ ಪ್ರತಿ ಮೇಲ್ ಕೂಡ ಒಂದೊಂದು ಫೈಲ್ ಆಗುತ್ತದೆ. ಅದಕ್ಕೆ ಎಮ್‌ಎಸ್‌ಜಿ ಫೈಲ್ ಎನ್ನುತ್ತಾರೆ. ಮೇಲಿಗೆ ಅಂಟಿಕೊಂಡು ಬಂದ ಬಿಲ್ಲು, ಒಪ್ಪಂದ, ಫೋಟೋ ಎಲ್ಲ ಅದರ ಹೊಟ್ಟೆಯಲ್ಲೇ ಇರುತ್ತವೆ. ವರ್ಷಗಟ್ಟಲೆ ಹೀಗೆ ಎಳೆದು ಹಾಕಿ ಆ ಫೋಲ್ಡರು ಅಟ್ಟದ ಮೇಲಿನ ಸಾಮಾನಿನ ಹಾಗೆ ತುಂಬಿತ್ತು. ಏನೇನಿದೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ, ಎಸೆಯುವ ಧೈರ್ಯವೂ ಯಾರಿಗೂ ಇಲ್ಲ.

ಹೆಡ್ ಆಫೀಸಿನವರು ಒಂದು ದಿನ ಆದೇಶ ಕಳಿಸಿದರು. ಡ್ರೈವಿನಲ್ಲಿರುವ ಪ್ರತಿಯೊಂದು ಫೈಲಿಗೂ ಸೆನ್ಸಿಟಿವಿಟಿ ಲೇಬಲ್ ಇರಬೇಕು. ಸಾರ್ವಜನಿಕ, ಆಂತರಿಕ, ಗೋಪ್ಯ, ಅತಿ ಗೋಪ್ಯ ಎಂದು ನಾಲ್ಕು ಬಗೆ. ಈ ಲೇಬಲ್ ಎಂದರೆ ಡಬ್ಬದ ಮೇಲೆ ಅಂಟಿಸುವ ಚೀಟಿಯಲ್ಲ. ಮೇಲಿನ ದರ್ಜೆಯದನ್ನು ಹಾಕಿದರೆ ಫೈಲಿಗೆ ಬೀಗವೇ ಬೀಳುತ್ತದೆ, ಲೇಬಲ್ ಯಾರಿಗೆ ಅನುಮತಿ ಕೊಟ್ಟಿದೆಯೋ ಅವರಿಗೆ ಮಾತ್ರ ತೆರೆಯುತ್ತದೆ. ವರ್ಡ್, ಎಕ್ಸೆಲ್ ಫೈಲಾದರೆ ಗುಂಡಿ ಒತ್ತಿ ಲೇಬಲ್ ಹಾಕಬಹುದು. ಹೀಗೆ ಎಳೆದು ಇಟ್ಟ ಮೇಲ್‌ಗಳಿಗೆ ಕೋಡ್ ಬರೆದು ಹಾಕಿಸುವುದೇ ಸರಿ ಎಂದಾಯಿತು. ಆ ಕೆಲಸ ನನಗೆ ಬಂತು.

ನಾನು ಅಲ್ಲಿ ಕಂಪನಿಯ ನೌಕರಳಲ್ಲ. ಒಬ್ಬ ಏಜೆನ್ಸಿಯವನ ಮೂಲಕ ಹೋಗಿ ಕೂತ ಕಾಂಟ್ರ್ಯಾಕ್ಟಿನ ಪ್ರೋಗ್ರಾಮರ್. ಗುರುತಿನ ಚೀಟಿಗೆ ಕೊರಳಲ್ಲಿ ಎಲ್ಲರದು ನೀಲಿ ಪಟ್ಟಿ, ನಮ್ಮಂಥವರದು ಹಳದಿ. ಈ ಕೆಲಸ ಚೆನ್ನಾಗಿ ಮುಗಿದರೆ ಕಾಯಂ ಹುದ್ದೆಗೆ ಶಿಫಾರಸು ಮಾಡುತ್ತೇನೆಂದು ಪ್ರಾಜೆಕ್ಟ್ ಮುಖ್ಯಸ್ಥರು ಹೇಳಿದ್ದರು. ಅವರ ಮಾತೆಂದರೆ ನನಗೆ ಬರೆದು ಕೊಟ್ಟ ಹಾಗೆ, ಯಾಕೆಂದರೆ ಅವರು ನಮ್ಮವರು.

ನಮ್ಮವರು ಎಂದರೆ ಬೆಳಗಾವಿ ಕಡೆಯವರು. ನನ್ನ ಅಪ್ಪ ಅವ್ವ ವಿಜಯಪುರದಿಂದ ಬಂದವರು. ನಾನು ಹುಟ್ಟಿದ್ದು ಬೆಳೆದದ್ದು ಸಯನ್‌ನಲ್ಲಿ, ಏಳನೆಯವರೆಗೆ ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಅಷ್ಟು ದೊಡ್ಡ ಆಫೀಸಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ಸೇರಿದ ಮೊದಲ ವಾರ ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಅವರು ತಮ್ಮ ಕ್ಯಾಬಿನ್‌ನಿಂದ ಎದ್ದು ಬಂದಿದ್ದರು.

‘ಯಾವೂರ ಅವ್ವಿ ನಿಂದು? ಏ, ನಮ್ಮಾಕಿನ ಅದಿಯಲಾ! ಮನ್ಯಾಗ ನನ್ನ ಮಕ್ಕಳು ಕನ್ನಡ ಅಂದ್ರ ಹಿಂದಿನ್ಯಾಗ ಉತ್ತರಾ ಕೊಡ್ತಾವು. ನಿನ್ನ ಜೋಡಿ ಮಾತಾಡಿ ಬಾಯಿ ಹಗೂರ ಆತ ನೋಡ.’

ಅಂದಿನಿಂದ ನಾನು ಅವರಿಗೆ ತಂಗಿ, ಅವರು ನನಗೆ ಅಣ್ಣಾರು. ಅವರ ಮನೆ ದಹಿಸರ್‌ನಲ್ಲಿ. ಸಂಜೆ ಆಫೀಸಿನಿಂದ ವಿಕ್ರೋಳಿ ಸ್ಟೇಶನ್ನಿನವರೆಗೆ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ನಾನು ಲೇಡೀಸ್ ಡಬ್ಬಿ ಹತ್ತಿ ಸಯನ್‌ನಲ್ಲಿ ಇಳಿಯುವುದು, ಅವರು ದಾದರಿಗೆ ಹೋಗಿ ಗಾಡಿ ಬದಲಿಸುವುದು. ದಾರಿಯಲ್ಲಿ ಅರ್ಧ ಗ್ಲಾಸಿನ ಒಂದು ಕಟಿಂಗ್ ಚಹಾ. ನಾಳೆ ಏನು ಮಾಡಬೇಕು, ಯಾವ ಫೋಲ್ಡರ್ ಮೊದಲು, ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಲ್ಲವೂ ಆ ಚಹಾದ ಹೊತ್ತಿಗೆ ತೀರ್ಮಾನವಾಗುತ್ತಿತ್ತು. ಬೇರೆಯವರಿಗೆ ಅವರು ಒಂದು ಸಾಲಿಗೂ ಮೇಲ್ ಹಾಕುತ್ತಿದ್ದರು. ನನಗೆ ಹಾಕಿದ್ದು ನೆನಪಿಲ್ಲ. ಶುರುವಿನಲ್ಲಿ ಒಮ್ಮೆ ನಾನು ಮಾತಾಡಿದ್ದನ್ನು ಬರೆದು ಕಳಿಸಿದಾಗ ಅವರಿಗೆ ಬೇಜಾರಾಗಿತ್ತು. ‘ನಮ್ ನಮ್ಮೊಳಗ ಮೇಲ್ ಯಾಕ ಬೇ? ನನ್ನ ಮ್ಯಾಲ ನಂಬಿಗಿಲ್ಲೇನ?’ ಎಂದಿದ್ದರು. ನನಗೇ ನಾಚಿಕೆಯಾಗಿ ಅದನ್ನು ಬಿಟ್ಟುಬಿಟ್ಟೆ.

ಕೆಲಸದ ಮಾತಿಗೆ ಬರುತ್ತೇನೆ. ಲೇಬಲ್ ಹಾಕಲು ಲೈಬ್ರರಿ ಇದೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು. ಅದಕ್ಕೆ ನಮ್ಮ ಪ್ರೋಗ್ರಾಮನ್ನು ಪರಿಚಯಿಸಿ, ಯಾರ ಹೆಸರಲ್ಲಿ ಓಡುತ್ತಿದೆ ಎಂದು ಹೇಳಿ, ಫೈಲು ಮತ್ತು ಲೇಬಲ್ಲಿನ ಗುರುತಿನ ಸಂಖ್ಯೆ ಕೊಟ್ಟರೆ ಉಳಿದದ್ದನ್ನು ಅದು ನೋಡಿಕೊಳ್ಳಬೇಕು. ನೋಡಿಕೊಳ್ಳಲಿಲ್ಲ. ವರ್ಡ್ ಫೈಲನ್ನು ಸಲೀಸಾಗಿ ನುಂಗಿದ ಪ್ರೋಗ್ರಾಮು ಮೇಲ್ ಫೈಲು ಕೊಟ್ಟ ಕೂಡಲೇ ‘ಈ ಬಗೆಯದು ನನಗೆ ಆಗುವುದಿಲ್ಲ’ ಎಂದು ಮುಖ ತಿರುಗಿಸಿತು. ನನ್ನ ಕೋಡಿನಲ್ಲೇ ತಪ್ಪಿದೆಯೆಂದು ಸಾಲು ಸಾಲು ಬಿಚ್ಚಿ ನೋಡಿದೆ. ಕಡೆಗೆ ತಿಳಿದದ್ದಿಷ್ಟು: ಎಮ್‌ಎಸ್‌ಜಿ ಫೈಲುಗಳನ್ನು ಮುಟ್ಟುವ ಸೌಲಭ್ಯವನ್ನು ಅದು ಮೊದಲಿಂದ ನಂದಿಸಿಯೇ ಇಟ್ಟಿರುತ್ತದೆ. ಲೈಬ್ರರಿಯನ್ನು ಶುರು ಮಾಡುವಾಗಲೇ ಒಂದು ಸೆಟ್ಟಿಂಗ್ ಕೊಟ್ಟು ಅದನ್ನು ಹೊತ್ತಿಸಬೇಕು. ಒಂದೇ ಒಂದು ಸಾಲು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಆಮೇಲೆ ತಾರೀಕಿನ ರಗಳೆ. ಈ ಲೈಬ್ರರಿ ಇದ್ದ ಫೈಲನ್ನು ತಿದ್ದುವುದಿಲ್ಲ, ಲೇಬಲ್ ಹಾಕಿದ ಹೊಸ ಫೈಲು ಬರೆದು ಕೊಡುತ್ತದೆ. ಹಾಗಾಗಿ ವರ್ಷಗಳ ಹಿಂದಿನ ಮೇಲ್‌ಗಳೆಲ್ಲ ಇವತ್ತು ಹುಟ್ಟಿದವೆಂದು ತೋರಿಸತೊಡಗಿದವು. ಕಾನೂನಿನವರು ತಾರೀಕಿನ ಪ್ರಕಾರವೇ ಹುಡುಕುವವರು. ಹಳೆಯ ಫೈಲಿನ ತಾರೀಕನ್ನು ಮೊದಲೇ ತೆಗೆದಿಟ್ಟುಕೊಂಡು, ಹೊಸದಕ್ಕೆ ತೊಡಿಸಿ, ಹೊಸದು ತೆರೆಯುತ್ತದೆಂದು ಖಾತ್ರಿಯಾದ ಮೇಲೆ ಹಳೆಯದನ್ನು ಅಳಿಸುವ ಹಾಗೆ ಬರೆದೆ. ಹೆಸರುಗಳದ್ದು ಮತ್ತೊಂದು ಗೋಳು. ಮೇಲ್‌ನ ವಿಷಯದ ಸಾಲೇ ಫೈಲಿನ ಹೆಸರಾಗುವುದರಿಂದ ‘ರೀ ರೀ ಫಾರ್ವರ್ಡ್ ರೀ ಅರ್ಜೆಂಟ್ ಫೈನಲ್ ರಿವೈಸ್ಡ್ ಫೈನಲ್’ ಎಂಬಂಥ ಹೆಸರುಗಳು, ಮರಾಠಿ ಅಕ್ಷರದವು, ಫೋಲ್ಡರಿನೊಳಗೆ ಫೋಲ್ಡರು. ಫೈಲಿನ ವಿಳಾಸ ಉದ್ದವಾಯಿತೆಂದು ವಿಂಡೋಸ್ ಕೈಚೆಲ್ಲಿತು. ಅವನ್ನು ಒಂದು ಗಿಡ್ಡ ಹೆಸರಿನ ತಾತ್ಕಾಲಿಕ ಜಾಗಕ್ಕೆ ತಂದು, ಲೇಬಲ್ ಹಾಕಿಸಿ, ವಾಪಸು ಮನೆಗೆ ಕಳಿಸಿದೆ. ಒಂದೇ ಸಮನೆ ಓಡಿಸಿದರೆ ಸರ್ವರು ‘ಬಹಳ ಕೇಳ್ತಿದ್ದೀಯ’ ಎಂದು ಬಾಗಿಲು ಹಾಕುತ್ತಿತ್ತು, ಅದಕ್ಕೂ ನಿಂತು ನಿಂತು ಕೇಳುವುದನ್ನು ಕಲಿಸಿದೆ. ಸುಳ್ಳು ಯಾಕೆ ಹೇಳಲಿ, ಆ ದಿನಗಳಲ್ಲಿ ಬೆಳಿಗ್ಗೆ ಲೋಕಲ್ ಹತ್ತುವಾಗ ನನಗೆ ಖುಷಿಯಾಗುತ್ತಿತ್ತು.

ಉಳಿದದ್ದು ಒಂದೇ ಪ್ರಶ್ನೆ. ಕೋಡ್ ಯಾರ ಹೆಸರಲ್ಲಿ ಓಡಬೇಕು? ಬೀಗ ಹಾಕಿದವರೇ ಆ ಫೈಲಿನ ಮಾಲೀಕರಾಗುತ್ತಾರೆ, ಇದು ಈ ವ್ಯವಸ್ಥೆಯ ನಿಯಮ. ಲೇಬಲ್ಲಿನಲ್ಲಿ ಯಾರ ಹೆಸರಿರಲಿ ಬಿಡಲಿ, ಮಾಲೀಕರಿಗೆ ಮಾತ್ರ ಅದು ಸದಾ ತೆರೆಯುತ್ತದೆ. ಅದಕ್ಕೇ ಇಂಥ ಕೆಲಸಕ್ಕೆ ಸರ್ವಿಸ್ ಅಕೌಂಟ್ ಎಂದು ಮಾಡಿಸುತ್ತಾರೆ. ಅದು ಮನುಷ್ಯರ ಹೆಸರಲ್ಲ, ಕಂಪನಿಯ ಕೆಲಸಕ್ಕೆಂದೇ ಇರುವ ಐಡಿ. ಅದರ ಅನುಮೋದನೆ ಹೆಡ್ ಆಫೀಸಿನಿಂದ ಬರಬೇಕು. ನಾವು ಪರೀಕ್ಷೆಗೆ ಬಳಸುತ್ತಿದ್ದ ‘ಅತಿ ಗೋಪ್ಯ’ ಲೇಬಲ್ ಕೂಡ ಪ್ರಯೋಗಕ್ಕೆಂದು ಐಟಿಯವರು ಕಾನೂನಿನವರನ್ನು ಸೇರಿಸಿ ಮಾಡಿದ ಒಂದು ಗುಂಪಿಗೆ ಮಾತ್ರ ಅನುಮತಿ ಕೊಟ್ಟಿತ್ತು. ಅದನ್ನು ಕಾಯಂ ಮಾಡಲೂ ಅನುಮೋದನೆ ಬೇಕು. ಎರಡಕ್ಕೂ ಕೇಳಿದ್ದೇನೆ, ಬರುತ್ತವೆ ಎಂದು ಅಣ್ಣಾರು ಹೇಳುತ್ತಲೇ ಇದ್ದರು.

ಒಂದು ಸಂಜೆ ಚಹಾದ ಅಂಗಡಿಯ ಮುಂದೆ ಅವರು ಗ್ಲಾಸು ಕೆಳಗಿಟ್ಟು ಹೇಳಿದರು: ‘ತಂಗಿ, ಹೆಡ್ ಆಫೀಸಿನವ್ರಿಗೆ ಸೋಮವಾರ ಮುಗಸ್ತೀನಂತ ಮಾತ ಕೊಟ್ಟೇನಿ. ಆ ಅಕೌಂಟ್ ಬರೂತನಕ ಕೈಕಟಗೊಂಡ ಕುಂಡ್ರೂದೇನ? ನಿನ್ನ ಐಡಿಲೇ ಓಡ್ಸಿಬಿಡು.’

‘ಹಂಗ ಮಾಡಿದ್ರ ಎಲ್ಲಾ ಫೈಲಿಗೂ ಮಾಲಕಿ ನಾನ ಆಗ್ತೀನ್ರಿ ಅಣ್ಣಾರ.’

‘ಆಗ. ಅಕೌಂಟ್ ಬಂದಮ್ಯಾಲ ಬದಲಸ್ಕೊಂಡ್ರಾತು. ಗುಂಪಿಂದು ಅಪ್ರೂವಲ್ ಬಂದದ, ನಾ ನೋಡೇನಿ. ನಾ ಅದೀನಲ್ಲ, ನೀ ಯಾಕ ಅಂಜತಿ?’

ಅಂಜಲಿಲ್ಲ. ಶನಿವಾರ ಬೆಳಿಗ್ಗೆ ಹೋಗಿ ಎಲ್ಲ ಮೇಲ್‌ಗಳಿಗೂ ಅದೇ ‘ಅತಿ ಗೋಪ್ಯ’ ಬೀಳುವ ಹಾಗೆ ಓಡಿಸಿದೆ. ಪರದೆಯ ಮೇಲೆ ಫೈಲಿನ ಹೆಸರುಗಳು ಒಂದರ ಹಿಂದೊಂದು ಹಸಿರಾಗುತ್ತ ಸಾಗಿದವು. ಸಂಜೆಯೊಳಗೆ ಫೋಲ್ಡರು ಪೂರ್ತಿ ಮುಗಿದಿತ್ತು. ಅಣ್ಣಾರಿಗೆ ಫೋನ್ ಮಾಡಿದರೆ ‘ಶಾಭಾಸ್, ಹುಲಿ ಅದಿ ನೀ’ ಎಂದರು.

ಸೋಮವಾರ ಬೆಳಿಗ್ಗೆ ಕಾನೂನು ವಿಭಾಗದ ಮೇಡಮ್ ನನ್ನ ಟೇಬಲ್ಲಿಗೆ ಬಂದರು. ಮರಾಠಿಯವರು, ಮಾತು ಕಮ್ಮಿ. ಒಬ್ಬ ಸಪ್ಲೈಯರ್ ಮೇಲೆ ಹೂಡಿದ ಕೇಸಿನ ವಿಚಾರಣೆ ಹತ್ತಿರ ಬಂದಿತ್ತು, ಅದಕ್ಕೆ ಬೇಕಾದ ಮೇಲ್‌ಗಳು ಯಾವುವೂ ತೆರೆಯುತ್ತಿರಲಿಲ್ಲ. ‘ನಿಮಗೆ ಅನುಮತಿ ಇಲ್ಲ’ ಎಂಬ ಒಂದೇ ಉತ್ತರ. ಅವರ ವಿಭಾಗದಲ್ಲಿ ಯಾರಿಗೂ ತೆರೆಯದು. ಐಟಿ ಸೆಕ್ಯೂರಿಟಿಯ ಅಧಿಕಾರಿಯೂ ಬಂದು ನಿಂತ. ಆಗ ನಾನು ಮಾಡಿದ್ದನ್ನು ನೆನೆದರೆ ಇವತ್ತೂ ಮೈ ಉರಿಯುತ್ತದೆ. ‘ನೋಡೋಣ ಇರಿ’ ಎಂದು ನನ್ನ ಯಂತ್ರದಲ್ಲಿ ಅದೇ ಮೇಲ್ ಒತ್ತಿದೆ. ಅದು ಥಟ್ಟನೆ ತೆರೆಯಿತು. ‘ನನಗೆ ತೆರೀತಿದೆಯಲ್ಲ!’ ಎಂದು ಸಂಭ್ರಮದಿಂದ ಹೇಳಿ ತಿರುಗಿ ನೋಡಿದರೆ ಯಾರ ಮುಖದಲ್ಲೂ ಸಂಭ್ರಮ ಇರಲಿಲ್ಲ.

ಆದದ್ದು ಇಷ್ಟೇ. ಪ್ರಯೋಗದ ಗುಂಪನ್ನು ಮುಂದುವರಿಸಿ ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ಐಟಿಯವರು ಅದನ್ನು ಭಾನುವಾರ ಅಳಿಸಿದ್ದರು. ಲೇಬಲ್ ಯಾರಿಗೆ ಅನುಮತಿ ಕೊಟ್ಟಿತ್ತೋ ಅವರೇ ಈಗ ಇಲ್ಲ. ಉಳಿದದ್ದು ಮಾಲೀಕರು, ಅಂದರೆ ನಾನು. ಸರ್ವಿಸ್ ಅಕೌಂಟಿಗೂ ಅರ್ಜಿ ಹೋಗಿರಲಿಲ್ಲ. ಕೇಳಿದರೆ ಹೆಡ್ ಆಫೀಸಿನವರು ನೂರೆಂಟು ಪ್ರಶ್ನೆ ಹಾಕುತ್ತಾರೆ, ಕೊಟ್ಟ ದಿನ ತಪ್ಪುತ್ತದೆ ಎಂದು ಅಣ್ಣಾರು ಎರಡನ್ನೂ ಕೇಳದೇ ಬಿಟ್ಟಿದ್ದರು. ಬಂದಿದೆ, ನೋಡಿದ್ದೇನೆ ಎಂದದ್ದು ಶುದ್ಧ ಸುಳ್ಳು.

ಮಧ್ಯಾಹ್ನ ಮೀಟಿಂಗ್ ಆಯಿತು. ಸೆಕ್ಯೂರಿಟಿ ಅಧಿಕಾರಿ, ಮೇಡಮ್, ಅಣ್ಣಾರು, ನಾನು. ಕಾಂಟ್ರ್ಯಾಕ್ಟಿನವಳೊಬ್ಬಳು ಕಂಪನಿಯ ಮೊಕದ್ದಮೆಯ ಮೇಲ್‌ಗಳಿಗೆಲ್ಲ ತನ್ನ ಹೆಸರಲ್ಲಿ ಬೀಗ ಹಾಕಿಕೊಂಡಿದ್ದಾಳೆ, ಯಾಕೆ? ಕೇಳಿದ ಧಾಟಿಯಲ್ಲೇ ಉತ್ತರ ತೀರ್ಮಾನವಾಗಿತ್ತು. ನನಗೆ ಭಯವಾಗಲಿಲ್ಲ. ಅಣ್ಣಾರು ಇದ್ದಾರಲ್ಲ, ಹೇಳುತ್ತಾರೆ ಎಂದು ಅವರ ಕಡೆ ನೋಡಿದೆ.

ಅವರು ನನ್ನ ಕಡೆ ನೋಡದೆ ಹಿಂದಿಯಲ್ಲಿ ಶುರು ಮಾಡಿದರು. ‘ದೇಖಿಯೇ, ಮೈನೆ ಮೇಡಮ್ ಕೋ ಸಾಫ್ ಬೋಲಾ ಥಾ. ಸರ್ವಿಸ್ ಅಕೌಂಟ್ ಆನೇ ತಕ್ ರುಕೋ. ಇನ್ಹೋಂನೆ ಜಲ್ದಬಾಜಿ ಕೀ.’

ಮೇಡಮ್ ಎಂದದ್ದು ಯಾರಿಗೆ ಎಂದು ನನಗೆ ಮೊದಲು ತಿಳಿಯಲೇ ಇಲ್ಲ. ಕಾನೂನಿನ ಮೇಡಮ್‌ಗೆ ಅಂದುಕೊಂಡೆ. ಆಮೇಲೆ ತಿಳಿಯಿತು, ನನಗೆ. ಅಷ್ಟು ದಿನ ತಂಗಿಯಾಗಿದ್ದವಳು ಒಂದು ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಮೇಡಮ್ ಆಗಿದ್ದೆ. ಅವರು ನನಗೆ ಕಾಯಲು ಹೇಳಿದ್ದರಂತೆ, ನಾನು ಅವಸರ ಮಾಡಿದೆನಂತೆ. ‘ಅಣ್ಣಾರ, ಏನ ಹೇಳಾಕತ್ತೀರಿ?’ ಎಂದು ಕನ್ನಡದಲ್ಲೇ ಕೇಳಿದೆ. ‘ಹಿಂದಿ ಮೇ ಬೋಲಿಯೇ, ಸಬ್ ಕೋ ಸಮಝನಾ ಚಾಹಿಯೇ,’ ಎಂದರು. ಎಲ್ಲರಿಗೂ ಅರ್ಥವಾಗಬೇಕಂತೆ.

ಹಿಂದಿಯಲ್ಲೇ ಹೇಳಿದೆ, ಎಲ್ಲವನ್ನೂ. ಸೆಕ್ಯೂರಿಟಿ ಅಧಿಕಾರಿ ಕೊನೆಗೆ ಒಂದೇ ಮಾತು ಕೇಳಿದ: ಬರಹದಲ್ಲಿ ಏನಾದರೂ ಇದೆಯೇ? ಮೇಲ್, ಚಾಟ್, ಮೆಸೇಜ್? ಇಡೀ ಆಫೀಸಿನವರ ಮೇಲ್‌ಗಳನ್ನು ಜೋಪಾನ ಮಾಡಿದವಳ ಹತ್ತಿರ ತನ್ನದೆಂದು ಒಂದು ಸಾಲೂ ಇರಲಿಲ್ಲ. ಸಾಯಂಕಾಲದೊಳಗೆ ನನ್ನ ಐಡಿ ಮುಚ್ಚಿದರು, ಹಳದಿ ಪಟ್ಟಿ ತೆಗೆದುಕೊಂಡರು. ವರದಿಯಲ್ಲಿ ‘ಉದ್ದೇಶಪೂರ್ವಕ’ ಎಂಬ ಪದ ಹಾಕುವುದೋ ಬಿಡುವುದೋ ಎಂದು ವಿಚಾರ ಮಾಡುತ್ತಿದ್ದೇವೆ ಎಂದರು. ಆ ಪದ ಬಿದ್ದರೆ ಕಾಯಂ ಹುದ್ದೆ ಹಾಗಿರಲಿ, ಮುಂಬಯಿಯ ಯಾವ ಏಜೆನ್ಸಿಯವನೂ ನನ್ನನ್ನು ಯಾವ ಆಫೀಸಿಗೂ ಕಳಿಸುವುದಿಲ್ಲ. ಸ್ಟೇಶನ್ನಿಗೆ ಒಬ್ಬಳೇ ನಡೆದೆ. ನಂಬಿಸಿ ಕತ್ತು ಕೊಯ್ಯುವುದು ಎಂಬ ಮಾತನ್ನು ಎಷ್ಟು ಸಲ ಬಳಸಿದ್ದೆನೋ, ಅದರ ಅರ್ಥ ಆ ದಿನ ಗೊತ್ತಾಯಿತು.

ಮನೆಯಲ್ಲಿ ಅವ್ವ ಎಲ್ಲ ಕೇಳಿ, ‘ಹೋಗ್ಲಿ ಬಿಡ, ಅಂವಗೂ ಹೇಣ್ತಿ ಮಕ್ಕಳದಾರ, ಅಂಜಿರ್‍ತಾನ’ ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಹೆಂಡತಿ ಮಕ್ಕಳಿದ್ದವರಿಗೆ ಮಾತ್ರ ಅಂಜಿಕೆ ಇರುತ್ತದೆಯೇ? ಆದರೂ ಎರಡು ದಿನ ಕಳೆದ ಮೇಲೆ ನಾನೂ ಹಾಗೇ ಯೋಚಿಸತೊಡಗಿದ್ದೆ. ಹೆದರಿದಾಗ ಮನುಷ್ಯ ಕೈಗೆ ಸಿಕ್ಕವರನ್ನು ಮುಂದೆ ನೂಕುತ್ತಾನೆ. ಅಷ್ಟರಮಟ್ಟಿಗೆ ಅವರನ್ನು ಕ್ಷಮಿಸುವ ತಯಾರಿಯಲ್ಲಿದ್ದೆ ಎಂದೇ ಹೇಳಬೇಕು.

ಆಮೇಲೆ ಕಾನೂನಿನ ಮೇಡಮ್ ಫೋನ್ ಮಾಡಿದರು. ನನ್ನ ಐಡಿ ಮುಚ್ಚಿದ ಮೇಲೆ ಆ ಮೇಲ್‌ಗಳು ಭೂಮಿಯ ಮೇಲೆ ಯಾರಿಗೂ ತೆರೆಯುತ್ತಿರಲಿಲ್ಲ. ಎಲ್ಲ ಬೀಗಕ್ಕೂ ಹೊಂದುವ ಸೂಪರ್ ಯೂಸರ್ ಎಂಬ ಅಧಿಕಾರ ಒಂದಿದೆ, ಅದನ್ನು ಹೊತ್ತಿಸಲು ಹೆಡ್ ಆಫೀಸಿನಲ್ಲಿ ಸಮಿತಿ ಕೂರಬೇಕು. ವಿಚಾರಣೆ ಸಮಿತಿಗೆ ಕಾಯುವುದಿಲ್ಲ. ‘ಒಂದು ದಿನದ ಮಟ್ಟಿಗೆ ನಿಮ್ಮ ಐಡಿ ತೆರೆಸುತ್ತೇನೆ, ಬಂದು ಬಿಚ್ಚಿ ಕೊಡುತ್ತೀರಾ?’ ಎಂದು ಕೇಳಿದರು.

ನಮ್ಮ ಏಜೆನ್ಸಿಯವ ಹೋಗಬೇಡ ಎಂದ. ‘ಅಟಕ್ನೇ ದೋ ಉನಕೋ,’ ಸಿಕ್ಕಿಬಿದ್ದು ಒದ್ದಾಡಲಿ, ಆ ಪದ ಹಾಕುವುದಿಲ್ಲ ಎಂದು ಬರೆದು ಕೊಟ್ಟರೆ ಮಾತ್ರ ಹೋಗು ಎಂದು ಅವನ ಸಲಹೆ. ತಪ್ಪು ಸಲಹೆಯೇನಲ್ಲ. ನಾನು ಒಂದು ರಾತ್ರಿ ಅದನ್ನೇ ತಿರುವಿ ಹಾಕಿದೆ. ಹೋಗದಿದ್ದರೆ ನನ್ನ ಹೆಸರಿನ ಬೀಗ ಹಾಗೇ ಇರುತ್ತದೆ, ಹಾಕಿಕೊಂಡು ಓಡಿಹೋದಳು ಎಂಬ ಮಾತು ನಿಜವಾಗುತ್ತದೆ. ಷರತ್ತು ಹಾಕಿದರೆ ಬೀಗ ಹಾಕಿದ್ದೇ ಇದಕ್ಕೆ ಎನ್ನುತ್ತಾರೆ. ಹೋಗುತ್ತೇನೆ, ಆದರೆ ಮೇಡಮ್ ಪಕ್ಕದಲ್ಲಿ ಕೂತಿರಬೇಕು, ಕೀಬೋರ್ಡನ್ನು ನನ್ನ ಹೊರತು ಯಾರೂ ಮುಟ್ಟಬಾರದು ಎಂದೆ. ಅವರು ಒಪ್ಪಿದರು.

ಹೊರಗಿನವರಿಗೆ ಕೊಡುವ ವಿಸಿಟರ್ ಪಾಸು ಹಾಕಿಕೊಂಡು ಒಳಗೆ ಹೋದೆ. ಮೇಡಮ್ ಕುರ್ಚಿ ಎಳೆದುಕೊಂಡು ಕೂತರು. ಪ್ರಾಜೆಕ್ಟ್ ಮುಖ್ಯಸ್ಥರು ಇರಲೇಬೇಕಾದ್ದರಿಂದ ಅಣ್ಣಾರೂ ಬಂದು ನನ್ನ ಹಿಂದೆ ನಿಂತರು. ಮನೆಯಿಂದಲೇ ಲೆಕ್ಕ ಹಾಕಿ ಬಂದಿದ್ದೆ: ಬೀಗ ಕಿತ್ತು ಬರಿದಾಗಿ ಬಿಡುವ ಹಾಗಿಲ್ಲ, ಹೆಡ್ ಆಫೀಸಿನ ಆದೇಶ ಇದ್ದೇ ಇದೆ. ‘ಅತಿ ಗೋಪ್ಯ’ ತೆಗೆದು ಒಂದು ದರ್ಜೆ ಕೆಳಗಿನ ‘ಗೋಪ್ಯ’ ಹಾಕಬೇಕು. ಅದು ಕಾನೂನು ವಿಭಾಗದ ಎಲ್ಲರಿಗೂ ತೆರೆಯುತ್ತದೆ. ಈ ಸಲ ಮಾಲೀಕತ್ವ ನನ್ನ ಹೆಸರಿಗೆ ಬೀಳದೆ ವಿಭಾಗದ ಮೇಲ್ ವಿಳಾಸಕ್ಕೆ ಬೀಳುವ ಹಾಗೆ, ಅವರ ಪರವಾಗಿ ಓಡುವ ಸೆಟ್ಟಿಂಗನ್ನೂ ಹಾಕಿದೆ. ಒಂದು ಫೈಲಿನ ಮೇಲೆ ಪರೀಕ್ಷೆಗೆ ಓಡಿಸಿದೆ.

ಪ್ರೋಗ್ರಾಮು ಅರ್ಧಕ್ಕೆ ನಿಂತಿತು. ಕೆಂಪು ಅಕ್ಷರ. ಲೇಬಲ್ಲಿನ ದರ್ಜೆ ಇಳಿಸುತ್ತಿದ್ದೀರಿ, ಸಮರ್ಥನೆ ಬೇಕು ಎಂದಿತು.

‘ಹೇ ಕಾಯ ಮಾಗತಂಯ?’ ಮೇಡಮ್ ಕೇಳಿದರು. ಏನು ಕೇಳುತ್ತಿದೆ ಇದು?

ಕಾರಣ ಕೇಳುತ್ತಿದೆ ಮೇಡಮ್, ಎಂದೆ. ಮೇಲಿನ ಲೇಬಲ್ ತೆಗೆದು ಕೆಳಗಿನದು ಹಾಕಬೇಕಾದರೆ ಯಾಕೆ ಎಂದು ಬರೆಯಬೇಕು. ಬರೆದದ್ದು ಪ್ರತಿ ಫೈಲಿನ ಜೊತೆಗೂ ಹೆಡ್ ಆಫೀಸಿನ ಆಡಿಟ್ ದಾಖಲೆಗೆ ಹೋಗುತ್ತದೆ. ಅಷ್ಟು ದಿನಗಳಲ್ಲಿ ನನ್ನಿಂದ ಕಾರಣ ಕೇಳಿ, ಹೇಳುವ ತನಕ ಮುಂದೆ ಹೋಗುವುದಿಲ್ಲ ಎಂದು ನಿಂತದ್ದು ಅದೊಂದೇ.

ಆಗ ಹಿಂದಿನಿಂದ, ಮೆತ್ತಗೆ, ಕನ್ನಡದಲ್ಲಿ: ‘ಟೆಕ್ನಿಕಲ್ ಕರೆಕ್ಷನ್ ಅಂತ ಬರದ ಬಿಡ, ತಂಗಿ.’

ತಂಗಿ! ಮೀಟಿಂಗಿನಲ್ಲಿ ಇಲ್ಲದ ತಂಗಿ ಈಗ ಹುಟ್ಟಿದಳು. ಸಮಾಧಾನ ಅಂತ ಏನೇನು ಒಟ್ಟು ಹಾಕಿಕೊಂಡಿದ್ದೆನೋ ಅಷ್ಟೂ ಆ ಒಂದು ಪದಕ್ಕೆ ಹಾರಿಹೋಯಿತು. ಇಂಗ್ಲಿಷಿನಲ್ಲಿ ಬರೆಯಲೆಂದೇ ಕೈ ಎತ್ತಿದ್ದೆ. ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿದೆ. ಬಹಳ ದಿನದಿಂದ ಬರೆದಿರಲಿಲ್ಲ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಕೋಡಿನಲ್ಲಿ ಕಾರಣ ಹಾಕುವ ಜಾಗದಲ್ಲಿ ಈ ಸಾಲು ಮೂಡಿತು: ‘ಸರ್ವಿಸ್ ಅಕೌಂಟ್ ಇಲ್ಲದಿದ್ದರೂ ನಿನ್ನ ಐಡಿಯಿಂದ ಓಡಿಸು, ಗುಂಪಿಗೆ ಅನುಮೋದನೆ ಬಂದಿದೆ ಎಂದು ಪ್ರಾಜೆಕ್ಟ್ ಮುಖ್ಯಸ್ಥರು ನನಗೆ ಬಾಯಲ್ಲಿ ಹೇಳಿದರು, ನಂಬಿ ಓಡಿಸಿದೆ, ಈಗ ಸರಿಪಡಿಸುತ್ತಿದ್ದೇನೆ.’

ನನ್ನ ಕುರ್ಚಿಯ ಬೆನ್ನಿನ ಮೇಲೆ ಅವರ ಕೈಯಿತ್ತು. ಆ ಕೈ ಬಿಗಿಯಾದದ್ದು ನನಗೆ ಗೊತ್ತಾಯಿತು. ಆದರೆ ತೆಗೆ ಎನ್ನುವ ಹಾಗಿಲ್ಲ, ಎಂದರೆ ಯಾಕೆ ಎಂದು ಹೇಳಬೇಕಾಗುತ್ತದೆ.

ಮೇಡಮ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ‘ಯಹ ಕೌನ್ಸಿ ಭಾಷಾ? ಕ್ಯಾ ಲಿಖಾ ಹೈ?’

‘ಕನ್ನಡ ಮೇಡಮ್. ಕಾರಣ ಬರೆದಿದ್ದೇನೆ. ಸರ್ ಓದಬಲ್ಲರು, ಅವರೇ ಹೇಳಲಿ,’ ಎಂದು ಹಿಂದಿಯಲ್ಲಿ ಹೇಳಿದೆ.

ಮೇಡಮ್ ಅವರ ಕಡೆ ತಿರುಗಿದರು. ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಓದುತ್ತಿದ್ದಾರೆಂದು ತುಟಿಗಳೇ ಹೇಳುತ್ತಿದ್ದವು. ‘ಕುಛ್ ನಹೀಂ ಮೇಡಮ್,’ ಎಂದರು. ‘ಟೆಕ್ನಿಕಲ್ ಕರೆಕ್ಷನ್ ಲಿಖಾ ಹೈ.’

ಏನೂ ಇಲ್ಲವಂತೆ. ನಾನು ಕುರ್ಚಿ ತಿರುಗಿಸಿ ಮೊದಲ ಸಲ ಅವರ ಮುಖ ನೋಡಿದೆ. ‘ಅಣ್ಣಾರ, ಇನ್ನೊಮ್ಮೆ ಓದ್ರಿ,’ ಎಂದೆ. ಹೆದರಿಸಲು ಹೇಳಿದ ಮಾತಲ್ಲ. ಇನ್ನೊಮ್ಮೆ ಓದಲಿ, ಅರ್ಧ ನಿಜವನ್ನಾದರೂ ಹೇಳಲಿ ಎಂದು ನಿಜವಾಗಿ ಆಸೆಪಟ್ಟೆ. ಅಷ್ಟು ಹೇಳಿದ್ದರೆ ಉಳಿದದ್ದನ್ನು ನಾನೇ ಮುಚ್ಚಿ ಹಾಕುತ್ತಿದ್ದೆನೋ ಏನೋ.

ಅವರು ಮತ್ತೆ ಪರದೆ ನೋಡಿದರು. ‘ವಹೀ ಲಿಖಾ ಹೈ,’ ಎಂದರು. ಅದನ್ನೇ ಬರೆದಿದೆ.

ನಾನು ಮೇಡಮ್‌ಗೆ ಮರಾಠಿಯಲ್ಲಿ ಒಂದೊಂದೇ ಪದ ಬೆರಳಿಟ್ಟು ತೋರಿಸುತ್ತ ಅರ್ಥ ಹೇಳಿದೆ. ಮೇಡಮ್ ಪೂರ್ತಿ ಕೇಳಿದರು. ಆ ಸಾಲನ್ನು ಯಾರಿಂದ ಬೇಕಾದರೂ ಓದಿಸಿ ನೋಡಬಹುದು ಎಂದೂ ಹೇಳಿದೆ. ಅವರು ಅಣ್ಣಾರ ಕಡೆ ನೋಡಲೂ ಇಲ್ಲ, ಬಯ್ಯಲೂ ಇಲ್ಲ. ‘ಚಾಲವಾ,’ ಎಂದು ನನಗೆ ಹೇಳಿದರು. ಓಡಿಸಿ.

ಓಡಿಸಿದೆ. ಫೈಲುಗಳು ಬಿಚ್ಚಿಕೊಳ್ಳುತ್ತ ಹೋದವು, ಒಂದೊಂದರ ಜೊತೆಗೂ ಆ ಸಾಲು ಹೆಡ್ ಆಫೀಸಿಗೆ ಹೋಯಿತು. ಮೇಡಮ್ ತಮ್ಮ ಯಂತ್ರದಲ್ಲಿ ಕೇಸಿನ ಮೇಲ್‌ಗಳನ್ನು ತೆರೆದು ನೋಡಿ ತಲೆಯಾಡಿಸಿದರು. ನಾನು ವಿಸಿಟರ್ ಪಾಸು ಗೇಟಿನಲ್ಲಿ ಕೊಟ್ಟು ಬಂದೆ.

ವರದಿಯಲ್ಲಿ ‘ಉದ್ದೇಶಪೂರ್ವಕ’ ಎಂಬ ಪದ ಬೀಳಲಿಲ್ಲ. ‘ಕಾರ್ಯವಿಧಾನದ ಲೋಪ’ ಎಂದಷ್ಟೇ ಬರೆದರಂತೆ, ಅದು ಯಾರ ಲೋಪ ಎಂದು ಬರೆಯಲಿಲ್ಲವಂತೆ. ಕಾಯಂ ಹುದ್ದೆ ಬೇರೆ ಯಾರಿಗೋ ಹೋಯಿತು. ಅಣ್ಣಾರು ಅಲ್ಲೇ ಇದ್ದಾರೆ, ಬೇರೆ ಪ್ರಾಜೆಕ್ಟಿನಲ್ಲಿ. ನನಗೆ ಏಜೆನ್ಸಿಯವ ಇನ್ನೊಂದು ಆಫೀಸು ಹುಡುಕಿ ಕೊಟ್ಟ. ಅಲ್ಲಿ ಸೇರಿದ ಮೇಲೆ ಒಂದು ಸಂಜೆ ಅಣ್ಣಾರ ಫೋನ್ ಬಂತು. ಪ್ಲಾಟ್‌ಫಾರ್ಮಿನಿಂದ ಮಾಡಿದ್ದರು, ಹಿಂದೆ ಗದ್ದಲ.

‘ಮಂದಿ ಮುಂದ ನನ್ನ ಮರ್ಯಾದಿ ಕಳದಿ ನೀ. ಇಂಗ್ಲಿಷಿನ್ಯಾಗ ಬರದಿದ್ರ ಮೇಡಮ್ ತಾನ ಓದಕೋತಿದ್ಲು, ನನಗ ಸುಳ್ಳ ಹೇಳೂ ಪ್ರಸಂಗ ಬರ್‍ತಿದ್ದಿಲ್ಲ. ಆಕಿಗೆ ತಿಳೀಲಾರದ ಭಾಷಾದಾಗ ಯಾಕ ಬರದಿ?’

‘ಆಕಿ ಸಲವಾಗಿ ಬರದಿದ್ದಲ್ರಿ ಅದು,’ ಎಂದೆ. ‘ನೀವು ಓದ್ಲಿ ಅಂತ ಬರದಿದ್ನಿ.’

ಗಾಡಿ ಬಂದ ಸದ್ದು ಕೇಳಿಸಿತು, ಹೋದದ್ದೂ ಕೇಳಿಸಿತು, ಅವರು ಹತ್ತಲಿಲ್ಲವೆಂದು ಕಾಣುತ್ತದೆ. ಫೋನ್ ನಾನೇ ಇಟ್ಟೆ.